ಕಾಲಚಕ್ರದ ಕಥೆ: ಒಬ್ಬರು ಆರಂಭಿಸಿದರು, ಇನ್ನೊಬ್ಬರು ಮುಗಿಸಿದರು

ದೀರ್ಘವಾದ ಕಥೆಯನ್ನು ತಾಳ್ಮೆಯಿಂದ ಕೇಳುವ ಸಂಸ್ಕಾರ ಕನ್ನಡಿಗರಿಗೆ ಹೊಸದಲ್ಲ. ಮಳೆಗಾಲದ ರಾತ್ರಿಗಳಲ್ಲಿ ಗುಡಿಯ ಜಗಲಿಯ ಮೇಲೆ ಕುಮಾರವ್ಯಾಸ ಭಾರತದ ವಾಚನ ವಾರಗಟ್ಟಲೆ ನಡೆಯುತ್ತಿದ್ದ, ಊರಿನವರು ಕಂಬಳಿ ಹೊದ್ದು ಕುಳಿತು ಕೇಳುತ್ತಿದ್ದ ಕಾಲವೊಂದಿತ್ತು. ಕಥೆಯ ಕೊನೆ ಎಲ್ಲರಿಗೂ ತಿಳಿದಿದ್ದರೂ ಯಾರೂ ಬೇಸರಪಡುತ್ತಿರಲಿಲ್ಲ. ಇಂದು ಮುಂಬಯಿಯಂತಹ ಮಹಾನಗರದಲ್ಲಿ ನಮಗೆ ಅಂತಹ ಜಗಲಿಯೂ ಇಲ್ಲ, ಬಿಡುವೂ ಇಲ್ಲ. ಆದರೆ ಲೋಕಲ್ ರೈಲಿನ ಪ್ರಯಾಣವೊಂದಿದೆ. ಹೋಗಿ ಬರುವ ಆ ಎರಡು ಗಂಟೆಗಳನ್ನು ಹಲವು ವರ್ಷಗಳ ಕಾಲ ಒಂದೇ ಒಂದು ಕಥೆಗೆ ಮೀಸಲಿಟ್ಟ ಓದುಗರಲ್ಲಿ ಈ ಲೇಖಕನೂ ಒಬ್ಬ. ಆ ಕಥೆಯ ಹೆಸರು ‘ದಿ ವೀಲ್ ಆಫ್ ಟೈಮ್’, ಅಂದರೆ ‘ಕಾಲಚಕ್ರ’. ಅದನ್ನು ಆರಂಭಿಸಿದವರು ಅಮೆರಿಕದ ಲೇಖಕ ರಾಬರ್ಟ್ ಜೋರ್ಡನ್.

ಆರೋಗ್ಯ ಲೇಖನಗಳಿಗೂ ಸ್ಥಾನವಿರುವ ಈ ಸ್ಮರಣ ಸಂಚಿಕೆಯಲ್ಲಿ ಕಾದಂಬರಿಯ ವಿಚಾರವೇಕೆ ಎಂದು ಕೆಲವರು ಕೇಳಬಹುದು. ಈ ಕಥೆ ಬೆಳೆದ ಬಗೆಗೂ ಅದರ ಕರ್ತೃವನ್ನು ಬಲಿ ತೆಗೆದುಕೊಂಡ ಒಂದು ಅಪರೂಪದ ಹೃದಯರೋಗಕ್ಕೂ ನಿಕಟವಾದ ಸಂಬಂಧವಿದೆ. ಆ ಸಂಬಂಧದಲ್ಲಿ ನಾವೆಲ್ಲರೂ ಕಲಿಯಬೇಕಾದ ಪಾಠವೂ ಒಂದಿದೆ. ಅದನ್ನು ವಾಚಕರ ಮುಂದಿಡುವುದೇ ಈ ಲೇಖನದ ಉದ್ದೇಶ.

ಕೃತಿಯ ವಿಸ್ತಾರ

ಮೊದಲ ಸಂಪುಟ ‘ದಿ ಐ ಆಫ್ ದಿ ವರ್ಲ್ಡ್’ ಪ್ರಕಟವಾದುದು 1990ರ ಜನವರಿಯಲ್ಲಿ. ಹದಿನಾಲ್ಕನೆಯದೂ ಕೊನೆಯದೂ ಆದ ‘ಎ ಮೆಮೊರಿ ಆಫ್ ಲೈಟ್’ ಬಂದುದು 2013ರ ಜನವರಿಯಲ್ಲಿ. ನಡುವೆ, 2004ರಲ್ಲಿ, ಪೂರ್ವಕಥೆಯನ್ನು ಹೇಳುವ ‘ನ್ಯೂ ಸ್ಪ್ರಿಂಗ್’ ಎಂಬ ಚಿಕ್ಕ ಸಂಪುಟವೂ ಹೊರಬಂದಿತು. ಎಲ್ಲವನ್ನೂ ಸೇರಿಸಿದರೆ ಹತ್ತು ಸಾವಿರ ಪುಟಗಳನ್ನು ಮೀರುತ್ತದೆ. ಪದಗಳ ಸಂಖ್ಯೆ ಸುಮಾರು 44 ಲಕ್ಷ. ಹೆಸರುಳ್ಳ ಪಾತ್ರಗಳೇ ಎರಡು ಸಾವಿರಕ್ಕೂ ಹೆಚ್ಚು. ನಮ್ಮ ಪುರಾಣಗಳ ಗಣನೆಯಂತೆ ನಾಲ್ಕು ಯುಗಗಳು ಸೇರಿದ ಒಂದು ಮಹಾಯುಗಕ್ಕೆ 43,20,000 ವರ್ಷಗಳು. ವರ್ಷಕ್ಕೊಂದು ಪದದಂತೆ ಜೋರ್ಡನ್ ಅವರ ಲೆಕ್ಕ ಮಹಾಯುಗದ ಲೆಕ್ಕಕ್ಕೆ ಹತ್ತಿರ ಹತ್ತಿರ ತಾಳೆಯಾಗುತ್ತದೆ! ಇದು ಕೇವಲ ಆಕಸ್ಮಿಕವಾದರೂ ವಾಣಿಜ್ಯಶಾಸ್ತ್ರ ಓದಿದವನ ಕಣ್ಣಿಗೆ ಇಂತಹ ಅಂಕಿಗಳು ಬೀಳದೆ ಇರಲಾರವು.

ಮೊದಲ ಮಾತುಕತೆಯಲ್ಲಿ ಇಷ್ಟು ವಿಸ್ತಾರದ ಯೋಚನೆ ಇರಲಿಲ್ಲ. ಟೋರ್ ಪ್ರಕಾಶನದ ಟಾಮ್ ಡೊಹರ್ಟಿಯವರು ಆರು ಸಂಪುಟಗಳಿಗೆ ಒಪ್ಪಂದ ಮಾಡಿಕೊಂಡಿದ್ದರು. ಕಥೆ ಮಾತ್ರ ಒಪ್ಪಂದದ ಗಡಿಯನ್ನು ಲೆಕ್ಕಿಸದೆ ಆಲದ ಮರದಂತೆ ಬಿಳಲುಗಳನ್ನು ಇಳಿಬಿಡುತ್ತಾ ಹೋಯಿತು.

ಕರ್ತೃವಿನ ಹಿನ್ನೆಲೆ

ರಾಬರ್ಟ್ ಜೋರ್ಡನ್ ಎಂಬುದು ಕಾವ್ಯನಾಮ. ನಿಜನಾಮಧೇಯ ಜೇಮ್ಸ್ ಆಲಿವರ್ ರಿಗ್ನಿ. ಜನನ 1948ರ ಅಕ್ಟೋಬರ್ 17ರಂದು, ದಕ್ಷಿಣ ಕೆರೊಲಿನಾ ರಾಜ್ಯದ ಚಾರ್ಲ್ಸ್ಟನ್ ನಗರದಲ್ಲಿ. ವಿಯೆಟ್ನಾಂ ಯುದ್ಧದಲ್ಲಿ ಹೆಲಿಕಾಪ್ಟರಿನ ಬಂದೂಕುಗಾರನಾಗಿ ಎರಡು ಅವಧಿ ಸೇವೆ ಸಲ್ಲಿಸಿ, ಹಿಂದಿರುಗಿದ ಮೇಲೆ ಸಿಟಡೆಲ್ ಕಾಲೇಜಿನಲ್ಲಿ ಭೌತಶಾಸ್ತ್ರದ ಪದವಿ ಪಡೆದರು. ಅನಂತರ ಅಮೆರಿಕದ ನೌಕಾಪಡೆಗಾಗಿ ಪರಮಾಣು ಎಂಜಿನಿಯರ್ ಆಗಿ ದುಡಿದರು. ಮೊಣಕಾಲಿಗೆ ಪೆಟ್ಟಾಗಿ ಆಸ್ಪತ್ರೆ ಸೇರಿದ್ದಾಗ, ಕೈಗೆ ಸಿಕ್ಕ ಪುಸ್ತಕವೊಂದು ರುಚಿಸದೆ, ಇದಕ್ಕಿಂತ ತಾನೇ ಚೆನ್ನಾಗಿ ಬರೆಯಬಲ್ಲೆನೆಂದು ಲೇಖನಿ ಹಿಡಿದುದಾಗಿ ಅವರೇ ಹೇಳಿಕೊಂಡಿದ್ದಾರೆ. ಅವರ ಪತ್ನಿ ಹ್ಯಾರಿಯೆಟ್ ಮೆಕ್‌ಡೂಗಲ್ ಅವರೇ ಅವರ ಕೃತಿಗಳ ಸಂಪಾದಕಿ. ಮನೆಯೊಳಗಿನ ಆ ಕಟ್ಟುನಿಟ್ಟಿನ ಪರಿಶೀಲನೆ ಈ ಮಾಲೆಯ ದೊಡ್ಡ ಬಲವೆಂದರೆ ತಪ್ಪಾಗಲಾರದು.

ಯುದ್ಧವನ್ನು ಕಣ್ಣಾರೆ ಕಂಡವರು ಬರೆದ ಯುದ್ಧಕಥೆ ಇದು. ಕಥಾನಾಯಕ ರ‍್ಯಾಂಡ್ ಅಲ್‌ಥಾರ್ ತನ್ನಿಂದಾಗಿ ಮಡಿದ ಸ್ತ್ರೀಯರ ಹೆಸರುಗಳನ್ನು ಮನಸ್ಸಿನಲ್ಲಿಯೇ ಪಟ್ಟಿ ಮಾಡಿಕೊಂಡು ಪದೇ ಪದೇ ಪಠಿಸುತ್ತಾನೆ. ಜಯಘೋಷಕ್ಕಿಂತ ಆ ಪಟ್ಟಿಯೇ ಓದುಗನ ಕಿವಿಯಲ್ಲಿ ಬಹುಕಾಲ ಉಳಿಯುತ್ತದೆ.

ಕಥೆಯ ತಿರುಳು

ಏಳು ಅರಗಳ ಕಾಲಚಕ್ರ ತಿರುಗುತ್ತಿದೆ. ಒಂದೊಂದು ಅರವೂ ಒಂದೊಂದು ಯುಗ. ಯುಗಗಳು ಕಳೆದು ಮತ್ತೆ ಬರುತ್ತವೆ. ನಡೆದುದು ನೆನಪಾಗಿ, ನೆನಪು ಐತಿಹ್ಯವಾಗಿ, ಕೊನೆಗೆ ಅದೂ ಮರೆತುಹೋಗುತ್ತದೆ. ಮನುಷ್ಯರ ಬದುಕುಗಳೇ ನೂಲಿನ ಎಳೆಗಳು; ಚಕ್ರವು ಅವುಗಳಿಂದ ಯುಗದ ವಸ್ತ್ರವನ್ನು ನೇಯುತ್ತದೆ. ತಮ್ಮ ಕಲ್ಪನೆಗೆ ಹಿಂದೂ ಪುರಾಣಗಳ ಕಾಲಚಿಂತನೆಯೂ ಒಂದು ಮೂಲವೆಂದು ಜೋರ್ಡನ್ ಒಪ್ಪಿಕೊಂಡಿದ್ದರು. ಅದರೊಡನೆ ಯುರೋಪಿನ ಐತಿಹ್ಯಗಳನ್ನೂ ಬೆರೆಸಿದ್ದಾರೆ. ಕಲ್ಲಿನಕೋಟೆಯಲ್ಲಿ ಕಾದಿರುವ ಖಡ್ಗ ಆರ್ಥರ್ ದೊರೆಯ ಕಥೆಯನ್ನು ನೆನಪಿಗೆ ತಂದರೆ, ಮರಕ್ಕೆ ನೇತುಬಿದ್ದು ಬದುಕಿ ಮುಂದೆ ಒಂದು ಕಣ್ಣನ್ನು ಕಳೆದುಕೊಳ್ಳುವ ಮ್ಯಾಟ್ ಎಂಬ ತರುಣ ಉತ್ತರದೇಶದ ಓಡಿನ್ ದೇವತೆಯನ್ನು ಹೋಲುತ್ತಾನೆ.

ಟೂ ರಿವರ್ಸ್ ಎಂಬ ದೂರದ ಸೀಮೆಯ ಹಳ್ಳಿಯೊಂದರಿಂದ ಐವರು ಎಳೆಯರು ಹೊರಡುತ್ತಾರೆ. ಕುರಿ ಕಾಯುತ್ತಿದ್ದ ರ‍್ಯಾಂಡ್ ಹಿಂದಿನ ಯುಗದ ವೀರನೊಬ್ಬನ ಪುನರ್ಜನ್ಮವೆಂದು ತಿಳಿಯುತ್ತದೆ. ಕಮ್ಮಾರನ ಕೈಕೆಳಗೆ ಕೆಲಸ ಕಲಿಯುತ್ತಿದ್ದ ಪೆರಿನ್, ತುಂಟ ಮ್ಯಾಟ್, ಛತ್ರದ ಯಜಮಾನನ ಮಗಳು ಎಗ್ವೀನ್, ನಾಟಿ ಮದ್ದಿನ ನೈನೀವ್, ಇವರು ಉಳಿದ ನಾಲ್ವರು. ಜಗತ್ತನ್ನು ನಡೆಸುವ ಶಕ್ತಿಗೆ ಇಲ್ಲಿ ಎರಡು ಭಾಗಗಳು: ಸ್ತ್ರೀಯರದು ಸೈದಾರ್, ಪುರುಷರದು ಸೈದೀನ್. ಮೂರು ಸಾವಿರಕ್ಕೂ ಹೆಚ್ಚು ವರ್ಷಗಳ ಹಿಂದೆ ತಮೋಶಕ್ತಿಯು ಸೈದೀನ್‌ಗೆ ವಿಷ ಬೆರೆಸಿತು. ಅಂದಿನಿಂದ ಅದನ್ನು ಮುಟ್ಟಿದ ಪುರುಷನಿಗೆ ಹುಚ್ಚು ತಪ್ಪಿದ್ದಲ್ಲ. ಜಗತ್ತನ್ನು ಉಳಿಸಬೇಕಾದವನೇ ಜಗತ್ತಿಗೆ ಅಪಾಯಕಾರಿ ಎಂಬ ಇಕ್ಕಟ್ಟಿನಿಂದಲೇ ಇಡೀ ಕಥೆ ಬೆಳೆಯುತ್ತದೆ.

ನೈನೀವ್‌ಳ ಪಾತ್ರವನ್ನು ಇಲ್ಲಿ ವಿಶೇಷವಾಗಿ ಹೇಳಬೇಕು. ಶಕ್ತಿಯನ್ನು ಕಳೆದುಕೊಂಡವರಿಗೆ ಅದನ್ನು ಮರಳಿಸಲು ಸಾಧ್ಯವೇ ಇಲ್ಲವೆಂಬುದು ಆ ಲೋಕದ ಪಂಡಿತೆಯರ ತೀರ್ಮಾನ. ಹಳ್ಳಿಯಲ್ಲಿ ಗಿಡಮೂಲಿಕೆ ಕೊಡುತ್ತಿದ್ದ ಈ ಮುಂಗೋಪದ ಹೆಣ್ಣು ಆ ತೀರ್ಮಾನವನ್ನು ಒಪ್ಪುವುದೇ ಇಲ್ಲ. ಸಾವೊಂದನ್ನು ಬಿಟ್ಟು ಉಳಿದುದೆಲ್ಲಕ್ಕೂ ಮದ್ದು ಇರಲೇಬೇಕೆಂಬ ಹಟದಿಂದ ಹುಡುಕಿ, ಆರನೆಯ ಸಂಪುಟದಲ್ಲಿ ಅಸಾಧ್ಯವೆನಿಸಿದುದನ್ನು ಮಾಡಿ ತೋರಿಸುತ್ತಾಳೆ. ರೋಗಿಯ ಹಾಸಿಗೆಯ ಬಳಿ ಕುಳಿತು ಅನುಭವವಿರುವವರಿಗೆ ಆಕೆ ಬಹಳ ಹತ್ತಿರದವಳಾಗಿ ಕಾಣುತ್ತಾಳೆ.

ನಾಲ್ಕನೆಯ ಸಂಪುಟದ ಲೆಕ್ಕಪರಿಶೋಧನೆ

ಇಡೀ ಮಾಲೆಯಲ್ಲಿ ಶ್ರೇಷ್ಠವಾದ ಭಾಗ ಯಾವುದೆಂದು ಕೇಳಿದರೆ, 1992ರಲ್ಲಿ ಬಂದ ನಾಲ್ಕನೆಯ ಸಂಪುಟ ‘ದಿ ಶ್ಯಾಡೋ ರೈಸಿಂಗ್’ನಲ್ಲಿನ ರುಯಿಡಿಯನ್ ಪ್ರಸಂಗವನ್ನು ನಾನು ಹೆಸರಿಸುತ್ತೇನೆ. ಮರುಭೂಮಿಯಲ್ಲಿ ವಾಸಿಸುವ ಐಯೀಲ್ ಎಂಬ ಜನಾಂಗಕ್ಕೆ ಈಟಿಯೇ ಸರ್ವಸ್ವ. ಅವರಷ್ಟು ಉಗ್ರರಾದ ಯೋಧರು ಆ ಲೋಕದಲ್ಲಿಲ್ಲ. ರುಯಿಡಿಯನ್ ಎಂಬ ಪಾಳುನಗರದ ಗಾಜಿನ ಕಂಬಗಳ ನಡುವೆ ರ‍್ಯಾಂಡ್ ನಡೆಯುತ್ತಾ ಹೋದಂತೆ ತನ್ನ ಪೂರ್ವಜರ ಬದುಕನ್ನು ಹಿಂದು ಹಿಂದಕ್ಕೆ ಕಾಣುತ್ತಾನೆ: ಮೊದಲು ಮುತ್ತಜ್ಜ, ಆಮೇಲೆ ಅವನ ಮುತ್ತಜ್ಜ, ಹೀಗೆ. ಕೊನೆಗೆ ತಿಳಿದುಬರುವುದೇನು? ಈ ಯೋಧರ ಮೂಲಪುರುಷರು ಆಯುಧ ಮುಟ್ಟದ ವ್ರತ ಹಿಡಿದ ಅಹಿಂಸಾವಾದಿಗಳು. ಕಷ್ಟಕಾಲದಲ್ಲಿ ಕೆಲವರು ತಮ್ಮವರನ್ನು ಬಿಡಿಸಿಕೊಳ್ಳಲು ಮೊದಲ ಬಾರಿಗೆ ಈಟಿ ಹಿಡಿದರು. ಅವರ ಸಂತತಿಯೇ ಐಯೀಲ್ ಯೋಧರು. ಇನ್ನು ಕೆಲವರು ಹೊತ್ತ ಹೊಣೆಯನ್ನು ಬಿಟ್ಟರೂ ಅಹಿಂಸೆಯನ್ನು ಬಿಡಲಿಲ್ಲ. ಅವರೇ ಈಗ ಬಣ್ಣದ ಬಂಡಿಗಳಲ್ಲಿ ಊರೂರು ಅಲೆಯುವ ಅಲೆಮಾರಿಗಳು. ಐಯೀಲ್ ಯೋಧರು ಯಾರನ್ನು ಕಂಡು ಮುಖ ತಿರುಗಿಸುತ್ತಾರೋ ಅವರು ತಮ್ಮದೇ ರಕ್ತದವರು!

ಲೆಕ್ಕಪರಿಶೋಧಕರು ಖಾತೆಯ ಅಂತಿಮ ಶಿಲ್ಕನ್ನು ಹಿಡಿದುಕೊಂಡು, ಒಂದೊಂದೇ ನಮೂದನ್ನು ದಾಟಿ, ಮೂಲ ವೋಚರಿನವರೆಗೆ ಹಿಂದಕ್ಕೆ ಹೋಗುವುದು ನಮ್ಮ ವೃತ್ತಿಯವರಿಗೆ ಪರಿಚಿತವಾದ ಕ್ರಮ. ಜೋರ್ಡನ್ ಒಂದು ಜನಾಂಗದ ಹೆಮ್ಮೆಯನ್ನು ಹಾಗೆಯೇ ಪರಿಶೋಧನೆಗೆ ಒಳಪಡಿಸಿದ್ದಾರೆ. ತಾವು ಹುಟ್ಟಿನಿಂದಲೇ ಶೂರರು, ತಾವು ಎಂದೆಂದಿಗೂ ಹೀಗೆಯೇ ಇದ್ದವರು ಎಂದು ನಂಬಿದ ಜನರ ಮುಂದೆ ಮೂಲ ವೋಚರು ಬಂದು ನಿಂತಾಗ ಏನಾಗುತ್ತದೆ? ಕಥೆಯಲ್ಲಿ ಹಲವರು ಆ ಸತ್ಯವನ್ನು ತಾಳಲಾರದೆ ಈಟಿಯನ್ನು ಎಸೆದು ಹೊರಟುಹೋಗುತ್ತಾರೆ. ಊರು ಬಿಟ್ಟು ಬಂದು ಪರಸ್ಥಳದಲ್ಲಿ ನೆಲೆಸಿ, ತಮ್ಮ ಮೂಲದ ಬಗ್ಗೆ ಮಕ್ಕಳಿಗೆ ಏನು ಹೇಳಬೇಕೆಂದು ಯೋಚಿಸುವ ನಮ್ಮಂತಹವರು ಈ ಪ್ರಸಂಗವನ್ನು ನಿರ್ಲಿಪ್ತರಾಗಿ ಓದುವುದು ಕಷ್ಟ.

ನಿಧಾನವೆಂಬ ದೋಷ

ಅಭಿಮಾನಿಯೆಂದ ಮಾತ್ರಕ್ಕೆ ದೋಷಗಳಿಗೆ ಕಣ್ಣು ಮುಚ್ಚಬೇಕಾಗಿಲ್ಲ. ಎಂಟನೆಯ ಸಂಪುಟದಿಂದ ಕಥೆಯ ನಡಿಗೆ ಮಂದವಾಗುತ್ತದೆ. ಉಡುಪಿನ ಕಸೂತಿ, ಚಹದ ಬಟ್ಟಲು, ಗಾಳಿಗೆ ಅಲುಗುವ ಪರದೆ, ಇವುಗಳ ವರ್ಣನೆಯಲ್ಲಿಯೇ ಪುಟಗಳು ಕಳೆಯುತ್ತವೆ. 2000ದ ಒಂಬತ್ತನೆಯ ಸಂಪುಟದ ಕೊನೆಯಲ್ಲಿ ಸೈದೀನ್‌ನ ವಿಷ ತೊಳೆಯುವ ಮಹಾಪ್ರಸಂಗ ನಡೆಯುತ್ತದೆ. ಎರಡು ವರ್ಷಕ್ಕೂ ಹೆಚ್ಚು ಕಾದ ಓದುಗರಿಗೆ 2003ರ ಹತ್ತನೆಯ ಸಂಪುಟ ಬಹುಪಾಲು ತೋರಿಸಿದ್ದು ಅದೇ ಸಮಯದಲ್ಲಿ ಉಳಿದ ಪಾತ್ರಗಳು ಎಲ್ಲೆಲ್ಲಿದ್ದವೆಂಬುದನ್ನು! ಫೋರ್ಟಿನ ಕಾಲುದಾರಿಯ ಪುಸ್ತಕದಂಗಡಿಗಳಲ್ಲಿ ಹಳೆಯ ಪ್ರತಿಗಳನ್ನು ಚೌಕಾಶಿ ಮಾಡಿ ಕೊಳ್ಳುತ್ತಿದ್ದ ನಾನು, ಆ ಸಂಪುಟವನ್ನು ಮಾತ್ರ ಕಾಯಲಾರದೆ ಪೂರ್ಣಬೆಲೆ ಕೊಟ್ಟು ಕೊಂಡಿದ್ದೆ. ಆದುದರಿಂದ ನಿರಾಶೆ ತುಸು ಹೆಚ್ಚೇ ಆಯಿತೆನ್ನಬೇಕು.

ಆದರೂ ಅದೇ ಸಂಪುಟದಲ್ಲಿ ಪೆರಿನ್ ತನ್ನ ಕೊಡಲಿಯನ್ನು ಬಿಸುಡುತ್ತಾನೆ. ಅಪಹೃತಳಾದ ಪತ್ನಿಯ ಸುಳಿವಿಗಾಗಿ ಸೆರೆಯಾಳೊಬ್ಬನ ಕೈಯನ್ನು ಕತ್ತರಿಸಿದ ಬಳಿಕ, ತಾನು ಏನಾಗುತ್ತಿದ್ದೇನೆಂದು ಹೇಸಿ, ಕಟ್ಟುವ ಸುತ್ತಿಗೆಯನ್ನು ಉಳಿಸಿಕೊಂಡು ಕಡಿಯುವ ಕೊಡಲಿಯನ್ನು ತೊರೆಯುತ್ತಾನೆ. ಮೊದಲ ಸಂಪುಟದಿಂದ ಅವನನ್ನು ಕಾಡಿದ ಪ್ರಶ್ನೆಗೆ ಅಲ್ಲಿ ಉತ್ತರ ದೊರೆಯುತ್ತದೆ. ಅಷ್ಟು ಪುಟಗಳ ಸಹವಾಸ ಇಲ್ಲದಿದ್ದರೆ ಆ ಒಂದು ಗಳಿಗೆಗೆ ಅಷ್ಟು ತೂಕ ಬರುತ್ತಿರಲಿಲ್ಲ.

ಗಡುಸಾದ ಹೃದಯ

2005ರಲ್ಲಿ ಹನ್ನೊಂದನೆಯ ಸಂಪುಟ ಬಂದಿತು. ಕಥೆಗೆ ಮತ್ತೆ ವೇಗ ದೊರೆಯಿತು. ಹೊತ್ತು ಸಾಗಿಸಲು ಗಾಡಿಯೇ ಬೇಕಾದರೂ ಸರಿ, ಮುಂದಿನ ಒಂದೇ ಸಂಪುಟದಲ್ಲಿ ಕಥೆಯನ್ನು ಮುಗಿಸುವೆನೆಂದು ಜೋರ್ಡನ್ ವಿನೋದವಾಗಿ ಹೇಳುತ್ತಿದ್ದರು. 2006ರ ಮಾರ್ಚಿಯಲ್ಲಿ ತಮಗೆ ಹೃದಯದ ಅಮಿಲಾಯ್ಡೋಸಿಸ್ ರೋಗವಿದೆಯೆಂದು ಪತ್ರಮುಖೇನ ಓದುಗರಿಗೆ ತಿಳಿಸಿದರು.

ಈ ರೋಗದ ಬಗೆಗೆ ನಾಲ್ಕು ಮಾತುಗಳು ಅಗತ್ಯ. ನಮ್ಮ ದೇಹದ ಪ್ರೋಟೀನುಗಳು ನಿರ್ದಿಷ್ಟ ರೀತಿಯಲ್ಲಿ ಮಡಚಿಕೊಂಡಿದ್ದರೆ ಮಾತ್ರ ಸರಿಯಾಗಿ ಕೆಲಸ ಮಾಡುತ್ತವೆ. ಮಡಿಕೆ ತಪ್ಪಿದ ಪ್ರೋಟೀನುಗಳು ಕರಗದ ನಾರಿನಂತಾಗಿ ಅವಯವಗಳಲ್ಲಿ ಶೇಖರವಾಗುವುದೇ ಅಮಿಲಾಯ್ಡೋಸಿಸ್. ಒಂದು ಬಗೆಯಲ್ಲಿ ಮೂಳೆಮಜ್ಜೆಯ ಪ್ಲಾಸ್ಮಾ ಕೋಶಗಳು ಇಂತಹ ಪ್ರೋಟೀನನ್ನು ಹೊರಬಿಡುತ್ತವೆ. ಇನ್ನೊಂದು ಬಗೆಯಲ್ಲಿ ಯಕೃತ್ತಿನಲ್ಲಿ ತಯಾರಾಗುವ ಪ್ರೋಟೀನು ಕೆಡುತ್ತದೆ, ಇದು ಹೆಚ್ಚಾಗಿ ವಯಸ್ಸಾದವರಲ್ಲಿ ಅಥವಾ ವಂಶಪಾರಂಪರ್ಯವಾಗಿ ಕಂಡುಬರುತ್ತದೆ. ಹೃದಯದ ಗೋಡೆಯಲ್ಲಿ ಇದು ಸೇರಿದರೆ ಹೃದಯ ಗಡುಸಾಗಿ, ಸಡಿಲಗೊಂಡು ರಕ್ತ ತುಂಬಿಕೊಳ್ಳುವುದು ಕಷ್ಟವಾಗುತ್ತದೆ. ಆಯಾಸ, ಏದುಸಿರು, ಕಾಲಿನ ಬಾವು, ನೊರೆಗಟ್ಟುವ ಮೂತ್ರ, ಕೈಬೆರಳುಗಳ ಜೋಮು, ನಾಲಗೆ ದಪ್ಪವಾಗುವುದು, ಕಣ್ಣಿನ ಸುತ್ತ ಕಾರಣವಿಲ್ಲದೆ ಮೂಡುವ ಕಪ್ಪುಕಲೆ, ಇವು ಇದರ ಲಕ್ಷಣಗಳಲ್ಲಿ ಕೆಲವು. ಇವುಗಳಲ್ಲಿ ಹೆಚ್ಚಿನವು ಬೇರೆ ಸಾಮಾನ್ಯ ಕಾಯಿಲೆಗಳಲ್ಲಿಯೂ ಇರುವುದರಿಂದ ರೋಗ ಬಹಳ ತಡವಾಗಿ ಪತ್ತೆಯಾಗುವುದುಂಟು. ಆದುದರಿಂದ ಇಂತಹ ಲಕ್ಷಣಗಳು ಹಲವು ಒಟ್ಟಾಗಿ ಕಾಣಿಸಿಕೊಂಡಾಗ ವಯಸ್ಸಿನ ದೋಷವೆಂದು ಸುಮ್ಮನಿರದೆ ತಜ್ಞ ವೈದ್ಯರನ್ನು ಕಾಣುವುದು ಒಳಿತು. ಹೃದಯದ ಎಕೊ, ರಕ್ತ ಹಾಗೂ ಮೂತ್ರದ ವಿಶೇಷ ಪರೀಕ್ಷೆ, ಅಂಗಾಂಶದ ತುಣುಕಿನ ಪರೀಕ್ಷೆ, ಇವುಗಳಿಂದ ರೋಗನಿರ್ಣಯ ಸಾಧ್ಯ.

ಚಿಕಿತ್ಸೆಯಿಲ್ಲದಿದ್ದರೆ ಸರಾಸರಿ ಒಂದು ವರ್ಷ, ಚಿಕಿತ್ಸೆ ಪಡೆದರೆ ನಾಲ್ಕು ವರ್ಷ ಎಂಬ ಲೆಕ್ಕವನ್ನು ಜೋರ್ಡನ್ ಮುಚ್ಚುಮರೆಯಿಲ್ಲದೆ ಬರೆದರು. ಬರೆಯಬೇಕಾದ ಪುಸ್ತಕಗಳು ಇನ್ನೂ ಇವೆ, ಆದುದರಿಂದ ಆ ಸರಾಸರಿಯನ್ನು ಮೀರಬೇಕೆಂಬುದು ಅವರ ಹಂಬಲವಾಗಿತ್ತು. ಮಿನೆಸೋಟಾ ರಾಜ್ಯದ ಮೇಯೊ ಕ್ಲಿನಿಕ್‌ನಲ್ಲಿ ಅವರಿಗೆ ತೀವ್ರ ಔಷಧೋಪಚಾರವೂ ಅವರದೇ ಆಕರಕೋಶಗಳ ಕಸಿಯೂ ನಡೆದವು. ಆದರೆ 2007ರ ಸೆಪ್ಟೆಂಬರ್ 16ರಂದು, 58ನೆಯ ವಯಸ್ಸಿನಲ್ಲಿ, ಅವರು ತೀರಿಕೊಂಡರು. ಅನಂತರದ ವರ್ಷಗಳಲ್ಲಿ ಈ ರೋಗದ ಚಿಕಿತ್ಸೆ ಗಣನೀಯವಾಗಿ ಮುಂದುವರಿದಿದೆ. ಯಕೃತ್ತಿನ ಪ್ರೋಟೀನಿನ ಬಗೆಗೆ ಟಫಾಮಿಡಿಸ್ ಎಂಬ ಔಷಧಕ್ಕೆ 2019ರಲ್ಲಿಯೂ, ಮೂಳೆಮಜ್ಜೆಯ ಬಗೆಗೆ ಡಾರಾಟುಮುಮ್ಯಾಬ್ ಎಂಬ ಔಷಧಕ್ಕೆ 2021ರಲ್ಲಿಯೂ ಅಮೆರಿಕದ ಔಷಧ ನಿಯಂತ್ರಣ ಮಂಡಲಿ ಅನುಮತಿ ನೀಡಿತು. ನೈನೀವ್‌ಳ ಹಟ ಕಥೆಯಲ್ಲಿ ಮಾತ್ರ ಇರುವುದಲ್ಲ ಎಂಬುದಕ್ಕೆ ಇದು ಸಾಕ್ಷಿ.

ಭಾರ ಒಪ್ಪಿಸಿದ ಬಗೆ

ಬ್ಯಾಂಕಿನಲ್ಲಿ ಅಧಿಕಾರಿಯೊಬ್ಬರು ವರ್ಗವಾಗಿ ಹೋಗುವಾಗ ಬೀಗದ ಕೈ, ದಸ್ತಾವೇಜು, ಬಾಕಿ ಉಳಿದ ಕೆಲಸಗಳ ಪಟ್ಟಿ ಇವನ್ನೆಲ್ಲ ಮುಂದಿನವರಿಗೆ ಲಿಖಿತವಾಗಿ ಒಪ್ಪಿಸಿಯೇ ಹೊರಡಬೇಕು. ಇದನ್ನು ‘ಚಾರ್ಜ್ ಒಪ್ಪಿಸುವುದು’ ಎನ್ನುತ್ತೇವೆ. ಬದುಕಿನಿಂದಲೇ ಹೊರಡುವಾಗ ಹೀಗೆ ಒಪ್ಪಿಸಿ ಹೋಗುವವರು ಅಪರೂಪ. ನಾಮನಿರ್ದೇಶನವಿಲ್ಲದ ಠೇವಣಿಗಾಗಿ ಕಣ್ಣೀರಿಡುತ್ತಾ ಬರುವ ಕುಟುಂಬಗಳನ್ನು ಕೌಂಟರಿನ ಈಚೆಯಿಂದ ಕಂಡವರಿಗೆ ಇದರ ಅರ್ಥ ಚೆನ್ನಾಗಿ ತಿಳಿಯುತ್ತದೆ.

ಜೋರ್ಡನ್ ಒಪ್ಪಿಸಿ ಹೋದರು. ಅಂತ್ಯದ ದೃಶ್ಯವನ್ನು ಮೊದಲೇ ಬರೆದಿಟ್ಟರು. ಕೊನೆಯ ವಾರಗಳಲ್ಲಿ ಪತ್ನಿಯನ್ನೂ ಬಂಧುವನ್ನೂ ಬಳಿ ಕೂರಿಸಿಕೊಂಡು ಉಳಿದ ಕಥೆಯನ್ನೆಲ್ಲ ಬಾಯಲ್ಲಿ ಹೇಳಿದರು. ಧ್ವನಿಮುದ್ರಣಗಳನ್ನೂ ಹೇರಳವಾದ ಟಿಪ್ಪಣಿಗಳನ್ನೂ ಬಿಟ್ಟುಹೋದರು. ಉತ್ತರಾಧಿಕಾರಿಯನ್ನು ಆರಿಸುವ ಹೊಣೆ ಹ್ಯಾರಿಯೆಟ್ ಅವರದಾಯಿತು. ಜೋರ್ಡನ್ ಅವರಿಗೆ ಯುವ ಲೇಖಕ ಬ್ರ್ಯಾಂಡನ್ ಸ್ಯಾಂಡರ್ಸನ್ ಬರೆದ ಶ್ರದ್ಧಾಂಜಲಿ ಆಕೆಯ ಗಮನಕ್ಕೆ ಬಂದಿತು. ಅವರ ಒಂದು ಕಾದಂಬರಿಯನ್ನು ಓದಿ ನೋಡಿ ಅವರನ್ನೇ ಆರಿಸಿದರು. ಸ್ಯಾಂಡರ್ಸನ್ ಹದಿಹರೆಯದಿಂದ ಈ ಮಾಲೆಯ ಓದುಗರಾಗಿದ್ದವರು. ಒಂದೇ ಎಂದುಕೊಂಡಿದ್ದ ಸಂಪುಟ ಮೂರಾಯಿತು: 2009, 2010, 2013. ಕೊನೆಯ ಸಂಪುಟದ ಮಹಾಯುದ್ಧದ ಅಧ್ಯಾಯವೊಂದೇ ಸುಮಾರು 80 ಸಾವಿರ ಪದಗಳಷ್ಟಿದೆ.

ಸ್ಯಾಂಡರ್ಸನ್ ಗುರುವಿನ ಶೈಲಿಯನ್ನು ಅಣಕಿಸಲು ಹೋಗಲಿಲ್ಲ. ಅವರ ಮೊದಲ ಸಂಪುಟದಲ್ಲಿ ಮ್ಯಾಟ್‌ನ ಹಾಸ್ಯ ಹದ ತಪ್ಪಿದೆಯೆಂಬ ಆಕ್ಷೇಪ ಬಂದಿತು, ಅದರಲ್ಲಿ ಹುರುಳಿಲ್ಲದಿಲ್ಲ. ಆದರೆ ಓದುಗರಿಗೆ ಸಲ್ಲಬೇಕಾದ ಬಾಕಿಯನ್ನು ಅವರು ತೀರಿಸಿದರು. ಇದು ಎಷ್ಟು ದೊಡ್ಡ ಮಾತೆಂಬುದು ಇತರ ಉದಾಹರಣೆಗಳನ್ನು ನೋಡಿದರೆ ತಿಳಿಯುತ್ತದೆ. ಜಾರ್ಜ್ ಆರ್. ಆರ್. ಮಾರ್ಟಿನ್ ಅವರ ಪ್ರಸಿದ್ಧ ಮಾಲೆಯ ಐದನೆಯ ಸಂಪುಟ 2011ರಲ್ಲಿ ಬಂದಿತು. ಆರನೆಯದಕ್ಕಾಗಿ ಓದುಗರು ಒಂದು ದಶಕಕ್ಕೂ ಮೀರಿ ಕಾದಿದ್ದಾರೆ. ‘ಕಾಲಚಕ್ರ’ವನ್ನೇ ಆಧರಿಸಿ 2021ರ ನವೆಂಬರಿನಲ್ಲಿ ಅಮೆಜಾನ್ ಸಂಸ್ಥೆ ಆರಂಭಿಸಿದ ದೃಶ್ಯಮಾಲಿಕೆಯಲ್ಲಿ ನಮ್ಮ ದೇಶದ ಪ್ರಿಯಾಂಕಾ ಬೋಸ್ ಅವರೂ ಅಭಿನಯಿಸಿದ್ದರು. ಮೂರು ಕಂತುಮಾಲೆಗಳ ನಂತರ, 2025ರ ಮೇ ತಿಂಗಳಲ್ಲಿ, ಅದು ಅರ್ಧದಲ್ಲಿಯೇ ನಿಂತುಹೋಯಿತು.

ನಮ್ಮ ಪರಂಪರೆಯಲ್ಲಿ

ಒಬ್ಬರು ಬಿಟ್ಟುದನ್ನು ಇನ್ನೊಬ್ಬರು ಪೂರೈಸುವುದು ನಮ್ಮಲ್ಲಿ ಗೌರವದ ಸಂಪ್ರದಾಯ. ಬಾಣಭಟ್ಟನ ‘ಕಾದಂಬರಿ’ಯನ್ನು ಪೂರ್ಣಗೊಳಿಸಿದವನು ಅವನ ಮಗ. ರಾಷ್ಟ್ರಕೂಟರ ಕಾಲದಲ್ಲಿ ವೀರಸೇನಾಚಾರ್ಯರು ಅರ್ಧಕ್ಕೆ ಬಿಟ್ಟ ‘ಜಯಧವಲಾ’ ಟೀಕೆಯನ್ನು ಶಿಷ್ಯರಾದ ಜಿನಸೇನರು ಮುಗಿಸಿದರು. ಆ ಜಿನಸೇನರು ಅಪೂರ್ಣವಾಗಿ ಬಿಟ್ಟ ಮಹಾಪುರಾಣವನ್ನು ಅವರ ಶಿಷ್ಯರಾದ ಗುಣಭದ್ರರು ಪೂರೈಸಿದರು. ಗದುಗಿನ ನಾರಣಪ್ಪ ಹತ್ತು ಪರ್ವಗಳಲ್ಲಿ ನಿಲ್ಲಿಸಿದ ಭಾರತದ ಉಳಿದ ಎಂಟು ಪರ್ವಗಳನ್ನು ವಿಜಯನಗರದ ತಿಮ್ಮಣ್ಣಕವಿ ‘ಕೃಷ್ಣರಾಯ ಭಾರತ’ವಾಗಿ ರಚಿಸಿದನು. ನಾರಣಪ್ಪನ ಪ್ರತಿಭೆ ತಿಮ್ಮಣ್ಣನಲ್ಲಿ ಇಲ್ಲವೆನ್ನುವವರಿದ್ದಾರೆ, ಅದು ನಿಜವೇ ಇರಬಹುದು. ಆದರೂ ಧರ್ಮರಾಯನನ್ನು ಸ್ವರ್ಗದ ಬಾಗಿಲಿನವರೆಗೆ ಕನ್ನಡದಲ್ಲಿ ನಡೆಸಿಕೊಂಡು ಹೋದವನು ಅವನೇ. ಮುಗಿಸುವವನಿಗೆ ಆರಂಭಿಸಿದವನ ಕೀರ್ತಿ ದೊರೆಯುವುದಿಲ್ಲ. ಅದನ್ನು ಅರಿತೂ ಕೈಹಾಕುವುದರಲ್ಲಿಯೇ ಅವನ ದೊಡ್ಡತನವಿದೆ.

ಮರುಜನ್ಮದ ಅರ್ಥ

ಒಂದು ವಿಚಾರದಲ್ಲಿ ಮಾತ್ರ ಜೋರ್ಡನ್ ಅವರ ಕಾಲಚಕ್ರ ನಮ್ಮ ಚಿಂತನೆಯಿಂದ ಬೇರೆಯಾಗುತ್ತದೆ. ನಮ್ಮ ದಾರ್ಶನಿಕರಿಗೆ ಪುನರ್ಜನ್ಮವೆಂಬುದು ಬಂಧನ, ಬಿಡುಗಡೆಯೇ ಗುರಿ. ಹನ್ನೆರಡನೆಯ ಸಂಪುಟದ ಕೊನೆಯಲ್ಲಿ, ಎಲ್ಲರನ್ನೂ ಕಳೆದುಕೊಂಡು ಕಲ್ಲಾದ ರ‍್ಯಾಂಡ್ ಪರ್ವತದ ತುದಿಯಲ್ಲಿ ನಿಂತು, ಮತ್ತೆ ಮತ್ತೆ ಹುಟ್ಟಿ ಮತ್ತೆ ಮತ್ತೆ ಅದೇ ಯುದ್ಧವನ್ನು ಏಕೆ ಮಾಡಬೇಕು, ಚಕ್ರವನ್ನೇ ಮುರಿದುಬಿಡುವೆನೆಂದು ಹೊರಡುತ್ತಾನೆ. ಆಗ ಅವನಿಗೆ ಹೊಳೆಯುವ ಉತ್ತರ ಬಹಳ ಸರಳವಾದುದು: ಮತ್ತೆ ಹುಟ್ಟುವುದು ಮತ್ತೆ ಪ್ರೀತಿಸುವುದಕ್ಕೆ ದೊರೆಯುವ ಅವಕಾಶ, ಕಳೆದ ಸಲ ಕೆಟ್ಟುದನ್ನು ಈ ಸಲ ಸರಿಪಡಿಸುವುದಕ್ಕೆ ದೊರೆಯುವ ಅವಕಾಶ. ಕಲ್ಲಾಗಿದ್ದವನು ಬಹುಕಾಲದ ಬಳಿಕ ಮೊದಲ ಬಾರಿಗೆ ನಗುತ್ತಾನೆ. ಶಾಸ್ತ್ರದ ಮುಂದೆ ಈ ವಾದ ನಿಲ್ಲುವುದೋ ಇಲ್ಲವೋ ಪಂಡಿತರು ಹೇಳಬೇಕು. ಹೃದಯ ದಿನದಿನಕ್ಕೂ ಗಡುಸಾಗುತ್ತಿದ್ದ ಒಬ್ಬ ಮನುಷ್ಯ ಬಿಟ್ಟುಹೋದ ಕಥೆಯಲ್ಲಿ ಗಡುಸಾದ ಹೃದಯವೊಂದು ಹೀಗೆ ಕರಗುವುದನ್ನು ಓದುವಾಗ ನನ್ನ ಮನಸ್ಸು ಆ ವಾದಕ್ಕೆ ಇಳಿಯಲಿಲ್ಲ.

ಕಥೆ ಹೇಗೆ ಕೊನೆಗೊಳ್ಳುತ್ತದೆಂಬುದನ್ನು ಇನ್ನೂ ಓದದಿರುವವರ ಸಲುವಾಗಿ ಇಲ್ಲಿ ಹೇಳುವುದಿಲ್ಲ. ಮನೆಯಲ್ಲಿರುವ ತರುಣ ತರುಣಿಯರಿಗೆ ಮೊದಲ ಸಂಪುಟವನ್ನು ಕೊಟ್ಟು ನೋಡಬಹುದು. ನೂರು ಪುಟ ದಾಟಿದರೆ ಮುಂದೆ ಅವರೇ ಓದಿಕೊಳ್ಳುತ್ತಾರೆ. ಹಿರಿಯರಾದ ನಾವು ನಮ್ಮ ನಮ್ಮ ಮನೆಯ ಟಿಪ್ಪಣಿಗಳನ್ನು ಒಮ್ಮೆ ತೆರೆದು ನೋಡುವುದು ಒಳ್ಳೆಯದು. ಠೇವಣಿಗಳ ನಾಮನಿರ್ದೇಶನವಾಗಿದೆಯೇ, ಔಷಧಗಳ ಪಟ್ಟಿ ಮನೆಯವರಿಗೆ ತಿಳಿದಿದೆಯೇ, ಊರಿನ ಮನೆಯ, ಅಜ್ಜ ಅಜ್ಜಿಯರ ಕಥೆಗಳನ್ನು ಮಕ್ಕಳಿಗೆ ಒಮ್ಮೆಯಾದರೂ ಪೂರ್ತಿಯಾಗಿ ಹೇಳಿದ್ದೇವೆಯೇ? ನಮ್ಮ ಕಥೆಯನ್ನು ಮುಂದುವರಿಸುವವರು ಮನೆಯಲ್ಲಿಯೇ ಇದ್ದಾರೆ. ಅವರಿಗೆ ಬೇಕಾದುದು ನಾವು ಬರೆದಿಡುವ ನಾಲ್ಕು ಸಾಲುಗಳು ಮಾತ್ರ.